ಮಾತಿನ ಬೆಲೆ, ದಾಳದ ಲೆಕ್ಕ

ಕತ್ತಿ ಬೀಸಿದರೆ ಏನಾಗುತ್ತದೆ ಎಂಬುದಕ್ಕೆ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟದ ನಿಯಮ ಪುಸ್ತಕದಲ್ಲಿ ಪುಟಗಟ್ಟಲೆ ಉತ್ತರವಿದೆ. ಎದುರಾಳಿ ತೊಟ್ಟ ಕವಚ ಎಂಥದ್ದು, ಬೀಸಿದವನ ತೋಳಿನ ಬಲ ಎಷ್ಟು, ಏಟು ಬಿದ್ದರೆ ಎಷ್ಟು ಗಾಯ, ಎಲ್ಲಕ್ಕೂ ಲೆಕ್ಕ. ಅದೇ ಕತ್ತಿಯನ್ನು ಒರೆಗೆ ಸೇರಿಸಿ ಕೋಟೆ ಬಾಗಿಲಿನ ಕಾವಲುಗಾರನಿಗೆ ‘ಒಳಗೆ ಬಿಡಪ್ಪಾ, ನಮ್ಮವನಿಗೆ ಗಾಯವಾಗಿದೆ’ ಎಂದು ಕೇಳಿಕೊಂಡರೆ? ಅವನು ಬಿಡುತ್ತಾನೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು, ಯಾವ ಆಧಾರದ ಮೇಲೆ? ಆಟ ಹುಟ್ಟಿ ಐವತ್ತು ವರ್ಷ ದಾಟಿತು. ಇಷ್ಟು ಕಾಲದಲ್ಲಿ ಕತ್ತಿಯ ನಿಯಮಗಳು ಹೆಚ್ಚುಕಡಿಮೆ ಒಂದು ಹದಕ್ಕೆ ಬಂದಿವೆ. ಮಾತಿನ ನಿಯಮಗಳು ಮಾತ್ರ ಪ್ರತಿ ಹೊಸ ಆವೃತ್ತಿಯಲ್ಲೂ ಕಿತ್ತುಹೋಗಿ ಮತ್ತೆ ಕಟ್ಟಿಸಿಕೊಳ್ಳುತ್ತಲೇ ಇವೆ.

ಈ ಬಗೆಯ ಆಟ ಆಡದವರಿಗಾಗಿ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಮಂದಿ ಕೂರುತ್ತಾರೆ. ಒಬ್ಬೊಬ್ಬರದೂ ಒಂದೊಂದು ಪಾತ್ರ: ಯೋಧ, ಮಾಂತ್ರಿಕ, ಕಳ್ಳ, ಗಾಯಕ. ಒಬ್ಬರು ಮಾತ್ರ ಡಂಜನ್ ಮಾಸ್ಟರ್, ಆಟಗಾರರ ಬಾಯಲ್ಲಿ ಡಿಎಂ. ಊರು, ಕಾಡು, ರಾಜ, ಕಾವಲುಗಾರ, ರಾಕ್ಷಸ ಎಲ್ಲವೂ ಅವರ ಪಾಲು. ತಮ್ಮ ಪಾತ್ರ ಏನು ಮಾಡುತ್ತದೆಂದು ಆಟಗಾರರು ಹೇಳುತ್ತಾರೆ. ಫಲ ಹೀಗೇ ಎಂದು ಹೇಳಲಾಗದಿದ್ದಾಗ ದಾಳ ಉರುಳುತ್ತದೆ. 2016ರಲ್ಲಿ ಶುರುವಾದ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಹುಡುಗರು ಆಡುವುದು ಇದನ್ನೇ. 2023ರ ಕಂಪ್ಯೂಟರ್ ಆಟ ‘ಬಾಲ್ಡರ್ಸ್ ಗೇಟ್ 3’ ಇದೇ ನಿಯಮಗಳನ್ನು ಪರದೆಗೆ ತಂದು, ಪ್ರತಿ ಮನವೊಲಿಕೆಗೂ ಇಪ್ಪತ್ತು ಮುಖದ ದಾಳವೊಂದು ಉರುಳುವುದನ್ನು ಲಕ್ಷಾಂತರ ಜನರಿಗೆ ತೋರಿಸಿತು. ಮನವೊಲಿಕೆಗೆ ದಾಳ ಬೇಕೇ ಬೇಡವೇ ಎಂಬುದು ಹಳೆಯ ಜಗಳ. ನನ್ನ ಮಟ್ಟಿಗೆ ಅದು ತಪ್ಪು ಜಾಗದಲ್ಲಿ ನಡೆಯುತ್ತಿರುವ ಜಗಳ. ದಾಳ ಇರಲಿ. ಆದರೆ ಅದು ಒಂದು ಪಾತ್ರದ ಮನಸ್ಸನ್ನು ಹೊರಳಿಸುವ ಯಂತ್ರವಾಗಬಾರದು. ‘ಹೂಂ’ ಎನ್ನುವುದಕ್ಕೆ ಎಷ್ಟು ಬೆಲೆ, ‘ಊಹೂಂ’ ಎನ್ನುವುದಕ್ಕೆ ಎಷ್ಟು ಬೆಲೆ ಎಂಬುದನ್ನಷ್ಟೇ ದಾಳ ಹೇಳಬೇಕು. ಬೆಲೆ ತೆರುವುದೋ ಬಿಡುವುದೋ ಎಂಬ ತೀರ್ಮಾನ ಆ ಪಾತ್ರವನ್ನು ಹಿಡಿದವರ ಕೈಯಲ್ಲೇ ಉಳಿಯಬೇಕು.

ವಿಚಿತ್ರವೆಂದರೆ, ಈ ಆಟದ ಬೇರಿನಲ್ಲಿರುವುದು ಕತ್ತಿಯಷ್ಟೇ ಮಾತು ಕೂಡ. 1969ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬವರು ನೆಪೋಲಿಯನ್ ಕಾಲದ ಯುದ್ಧದಾಟವೊಂದನ್ನು ಏರ್ಪಡಿಸಿದರು. ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಊರು. ಹೊರಗೆ ಸೈನ್ಯಗಳು ಬರುತ್ತಿವೆ. ಸೇನಾಪತಿಗಳಲ್ಲದ ಆಟಗಾರರಿಗೂ ಒಂದು ಕೆಲಸವಿರಲಿ ಎಂದು ವೆಸ್ಲಿ ಅವರಿಗೆ ಊರಿನ ಮೇಯರ್, ಬ್ಯಾಂಕಿನವ, ವಿಶ್ವವಿದ್ಯಾಲಯದ ಮುಖ್ಯಸ್ಥ ಇಂಥ ಪಾತ್ರ ಕೊಟ್ಟರು. ಆಟಗಾರರು ಮೂಲೆ ಮೂಲೆಯಲ್ಲಿ ಗುಸುಗುಸು ಮಾತಾಡಿ, ಒಪ್ಪಂದ ಮಾಡಿಕೊಂಡು, ಒಬ್ಬರಿಗೊಬ್ಬರು ಕೈಕೊಟ್ಟು ಸಂಜೆ ಕಳೆದರು. ಯುದ್ಧ ನಡೆಯಲೇ ಇಲ್ಲ. ಆಟ ಕೆಟ್ಟಿತೆಂದು ವೆಸ್ಲಿ ಕೈಚೆಲ್ಲಿದರೆ, ಆಡಿದವರು ಇನ್ನೊಮ್ಮೆ ಆಡೋಣ ಎಂದು ದುಂಬಾಲು ಬಿದ್ದರು. ಅವರಲ್ಲೊಬ್ಬರು ಡೇವ್ ಆರ್ನೆಸನ್. ಮುಂದೆ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ತಂದವರು ಇವರೇ. ಆ ಮೊದಲ ಪುಟ್ಟ ಪುಸ್ತಕಗಳಲ್ಲಿ ಪ್ರತಿ ಪಾತ್ರಕ್ಕೂ ಆರು ಗುಣ. ಆರನೆಯದು ‘ಕರಿಸ್ಮಾ’, ಮೂರು ದಾಳ ಕೂಡಿಸಿ ಬಂದ ಅಂಕೆ. ಅದರಿಂದ ಏನು ಪ್ರಯೋಜನ? ಎಷ್ಟು ಮಂದಿ ವಿಶೇಷ ಅನುಚರರನ್ನು ಇಟ್ಟುಕೊಳ್ಳಬಹುದು ಎಂಬ ಪಟ್ಟಿ ಇದೆ: ಅಂಕೆ 3 ಇದ್ದವನಿಗೆ ಒಬ್ಬ, 18 ಇದ್ದವನಿಗೆ ಹನ್ನೆರಡು. ಜೊತೆಗೆ, ಮಾಟಗಾತಿಯ ಕೈಗೆ ಸಿಕ್ಕಿಬಿದ್ದರೆ ಆಕೆ ಹಂದಿ ಮಾಡುತ್ತಾಳೋ ಪ್ರಿಯಕರನಾಗಿ ಇಟ್ಟುಕೊಳ್ಳುತ್ತಾಳೋ ಎಂದು ತೀರ್ಮಾನಿಸಲೂ ಈ ಅಂಕೆ ಬಳಸಬಹುದಂತೆ! ಇವೆರಡರ ನಡುವಿನ ಬದುಕೆಲ್ಲ, ಅಂದರೆ ಚೌಕಾಸಿ, ಬೇಡಿಕೆ, ಸಂಧಾನ, ಬೆದರಿಕೆ, ಡಿಎಂ ವಿವೇಚನೆಗೆ ಬಿಟ್ಟದ್ದು.

ಆ ಕಾಲದ ಒಂದು ಉಪಕರಣಕ್ಕೆ ಮಾತ್ರ ಈಗಲೂ ನಾನು ತಲೆದೂಗುತ್ತೇನೆ. ದಾರಿಯಲ್ಲಿ ಎದುರಾದ ಅಪರಿಚಿತರ ಮನೋಭಾವ ಹೇಗಿದೆ ಎಂದು ನೋಡಲು ಎರಡು ದಾಳ ಹಾಕುವ ಪಟ್ಟಿ ಅದು. 1981ರ ಬೇಸಿಕ್ ಆವೃತ್ತಿಯಲ್ಲಿ ಅದರ ರೂಪ ಹೀಗಿದೆ: 2 ಬಿದ್ದರೆ ತಕ್ಷಣ ದಾಳಿ, 3ರಿಂದ 5 ಹಗೆತನ, 6ರಿಂದ 8 ಅನುಮಾನ, ಗೊಂದಲ, 9ರಿಂದ 11 ದಾಳಿಯಿಲ್ಲ, ಹೇಳುವುದನ್ನು ಕೇಳಿಸಿಕೊಳ್ಳಬಹುದು, 12 ಬಿದ್ದರೆ ಆಪ್ತ ಸ್ನೇಹ. ಎರಡು ದಾಳ ಮೂವತ್ತಾರು ಬಗೆಯಲ್ಲಿ ಬೀಳುತ್ತವೆ. ಅದರಲ್ಲಿ ಹದಿನಾರು ಬಗೆ ‘ಅನುಮಾನ’ದ ಪಾಲು. ನೇರ ದಾಳಿಗೂ ನೇರ ಸ್ನೇಹಕ್ಕೂ ಒಂದೊಂದೇ ಪಾಲು. ಎಂದರೆ ಆಟದ ಗಣಿತವೇ ಹೇಳುತ್ತಿದೆ: ಬಹಳಷ್ಟು ಸಲ ಎದುರಿಗಿರುವವನು ಇನ್ನೂ ತೀರ್ಮಾನ ಮಾಡಿಲ್ಲ, ಮಾತಾಡಲು ಜಾಗವಿದೆ. ಈ ದಾಳ ಯಾರ ಮನಸ್ಸನ್ನೂ ಬದಲಿಸುವುದಿಲ್ಲ. ಮಾತು ಯಾವ ಹವೆಯಲ್ಲಿ ಶುರುವಾಗುತ್ತದೆ ಎಂಬುದನ್ನಷ್ಟೇ ಗೊತ್ತುಮಾಡಿ ಪಕ್ಕಕ್ಕೆ ಸರಿಯುತ್ತದೆ. ಮುಂದಿನದು ಆಟಗಾರರ ಜಾಣ್ಮೆಗೆ ಬಿಟ್ಟದ್ದು.

2000ದಲ್ಲಿ ಬಂದ ಮೂರನೆಯ ಆವೃತ್ತಿ ಈ ಸಂಯಮವನ್ನು ಕೈಬಿಟ್ಟಿತು. ‘ಡಿಪ್ಲೊಮಸಿ’ ಎಂಬುದು ಅಲ್ಲಿ ಬೀಗ ತೆಗೆಯುವುದು, ಮರ ಹತ್ತುವುದರಂತೆಯೇ ಒಂದು ಕೌಶಲ. ಹಗೆಯಲ್ಲಿರುವವನನ್ನು ತಟಸ್ಥನನ್ನಾಗಿ ಮಾಡಲು ಇಪ್ಪತ್ತು ಮುಖದ ದಾಳಕ್ಕೆ ಕೌಶಲದ ಅಂಕ ಕೂಡಿಸಿ 25 ಮುಟ್ಟಬೇಕು. ಸ್ನೇಹಿತನನ್ನಾಗಿ ಮಾಡಲು 35. ಪ್ರಾಣ ಒತ್ತೆಯಿಟ್ಟು ನೆರವಾಗುವವನನ್ನಾಗಿ ಮಾಡಲು 50. ಹಗೆಯಿಂದ ತಾಟಸ್ಥ್ಯಕ್ಕೆ ಬರುವುದು ಕಷ್ಟ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. 2003ರ ಪರಿಷ್ಕೃತ ಪುಸ್ತಕದ ಪ್ರಕಾರ ಲೆಕ್ಕ ಹಾಕಿ ನೋಡಿ. ಎಂಟನೆಯ ಹಂತದ ಅರೆ ಎಲ್ಫ್ ಗಾಯಕನೊಬ್ಬ. ಕಲಿಕೆಯಿಂದ 11, ಕರಿಸ್ಮಾದಿಂದ 4, ಕುಲದಿಂದ 2, ಸೋದರ ಕೌಶಲಗಳು ಮೂರರಿಂದ 6, ಎರಡು ವಿಶೇಷ ಪರಿಣತಿಗಳಿಂದ 5. ಒಟ್ಟು 28. ದಾಳದಲ್ಲಿ ಒಂದೇ ಬಿದ್ದರೂ 29. ಅಂದರೆ ಕೊಲ್ಲಲು ಬಂದ ಶತ್ರುವನ್ನು ಒಂದು ನಿಮಿಷ ಮಾತಾಡಿಸಿ ತಟಸ್ಥಗೊಳಿಸುವಲ್ಲಿ ಇವನು ಸೋಲುವುದೇ ಇಲ್ಲ. ನೂರಕ್ಕೆ ಎಪ್ಪತ್ತು ಸಲ ಸ್ನೇಹಿತನನ್ನಾಗಿಯೇ ಮಾಡಿಕೊಳ್ಳುತ್ತಾನೆ. ಒಂದು ನಿಮಿಷ ಪುರುಸೊತ್ತಿಲ್ಲ, ಆರೇ ಸೆಕೆಂಡು ಎಂದರೆ 10 ಅಂಕ ಕಳೆಯಬೇಕು. ಆಗಲೂ ತಾಟಸ್ಥ್ಯಕ್ಕೆ ಎಪ್ಪತ್ತರ ಅವಕಾಶ. ಇವನ ಕೈಯಲ್ಲಿ ಮಂತ್ರದ ಉಂಗುರವೂ ಇಲ್ಲ, ಮುಕುಟವೂ ಇಲ್ಲ. ಆ ಶತ್ರು ಯಾರು, ಯಾಕೆ ಹಗೆ, ಇವನು ಏನು ಹೇಳಿದ ಎಂದು ನಿಯಮ ಕೇಳುವುದೇ ಇಲ್ಲ. ಇದೇ ಪುಸ್ತಕದಲ್ಲಿ ‘ಚಾರ್ಮ್ ಪರ್ಸನ್’ ಎಂಬ ವಶೀಕರಣ ಮಂತ್ರವಿದೆ. ಅದಕ್ಕೆ ಸಿಕ್ಕವನಿಗೆ ಮನೋಬಲದಿಂದ ತಪ್ಪಿಸಿಕೊಳ್ಳುವ ಒಂದು ದಾಳ ಉಂಟು. ಜಗಳದ ನಡುವೆ ಪ್ರಯೋಗಿಸಿದರೆ ಅವನಿಗೆ ಇನ್ನೂ 5 ಅಂಕ ಹೆಚ್ಚು. ಮಂತ್ರದ ಅವಧಿ ಹಂತಕ್ಕೊಂದು ಗಂಟೆ. ಡಿಪ್ಲೊಮಸಿಗೆ ತಪ್ಪಿಸಿಕೊಳ್ಳುವ ದಾಳವೂ ಇಲ್ಲ, ಅವಧಿಯೂ ಇಲ್ಲ. ಮಾಟಕ್ಕಿಂತ ಮಾತೇ ಕ್ರೂರ. ಈ ಪರಿಸ್ಥಿತಿಯನ್ನು ಲೇವಡಿ ಮಾಡಲೆಂದೇ ಆಟಗಾರರು ‘ಡಿಪ್ಲೊಮ್ಯಾನ್ಸರ್’ ಎಂಬ ಪದ ಹುಟ್ಟುಹಾಕಿದರು. ‘ಆರ್ಡರ್ ಆಫ್ ದಿ ಸ್ಟಿಕ್’ ಕಾಮಿಕ್ಸ್‌ನ ರಿಚ್ ಬರ್ಲ್ಯೂ ಬದಲಿ ನಿಯಮವನ್ನೇ ಬರೆದರು. ಅವರ ನಿಯಮದಲ್ಲಿ ಮನಸ್ಸು ತಿರುಗಿಸುವ ಮಾತಿಲ್ಲ. ಆಟಗಾರ ಒಂದು ವ್ಯವಹಾರ ಮುಂದಿಡುತ್ತಾನೆ. ಇಬ್ಬರ ಸಂಬಂಧ ಎಂಥದ್ದು, ವ್ಯವಹಾರದಲ್ಲಿ ಲಾಭವೆಷ್ಟು ಅಪಾಯವೆಷ್ಟು ಎಂಬುದರ ಮೇಲೆ ಗುರಿ ಅಂಕ ಏರಿಳಿಯುತ್ತದೆ. ಸರಿಯಾದ ದಿಕ್ಕಿನಲ್ಲಿ ಇಟ್ಟ ಹೆಜ್ಜೆ ಅದು.

ಇಲ್ಲಿ ಹಳೆಯ ಆಟಗಾರರ ಆಕ್ಷೇಪವೊಂದು ಎದುರಾಗುತ್ತದೆ. ಈ ಗೊಡವೆಯೇ ಬೇಡ, ಮಾತಿಗೆ ನಿಯಮ ಯಾಕೆ, ಆಟಗಾರ ಬಾಯಿಬಿಟ್ಟು ಮಾತಾಡಲಿ, ಡಿಎಂ ಕೇಳಿ ಒಪ್ಪಲಿ ಬಿಡಲಿ ಎನ್ನುತ್ತಾರೆ ಅವರು. ಕರಾವಳಿಯ ತಾಳಮದ್ದಳೆ ನೋಡಿ ಬೆಳೆದವರಿಗೆ ಈ ವಾದ ಥಟ್ಟನೆ ಹಿಡಿಸುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರುಬದುರು ಕೂತು ಆಶುವಾಗಿ ವಾದಿಸುತ್ತಾರೆ, ಜನ ಬೆಳಗಿನವರೆಗೆ ಕೇಳುತ್ತಾರೆ. ಆದರೆ ತಾಳಮದ್ದಳೆಯಲ್ಲಿ ಫಲಿತಾಂಶ ಮೊದಲೇ ಗೊತ್ತು. ವಾಲಿಯ ಅರ್ಥ ಹೇಳುವವರು ರಾಮನನ್ನು ಎಷ್ಟೇ ಇಕ್ಕಟ್ಟಿಗೆ ಸಿಲುಕಿಸಲಿ, ಭಾಗವತರು ಮುಂದಿನ ಪದ್ಯ ಎತ್ತಿದಾಗ ವಾಲಿ ಸಾಯಲೇಬೇಕು. ಮಾತಿನಲ್ಲಿ ಗೆದ್ದದ್ದಕ್ಕೆ ಸಿಗುವುದು ಸಭೆಯ ಮೆಚ್ಚುಗೆ, ಪ್ರಸಂಗದ ಗತಿಯಲ್ಲ. ವಾಗ್ಮಿಯೊಬ್ಬ ಎಷ್ಟು ಮೆರೆದರೂ ಅಲ್ಲಿ ಅನ್ಯಾಯವಾಗದೇ ಇರುವುದು ಇದೇ ಕಾರಣಕ್ಕೆ. ಪಾತ್ರದಾಟದಲ್ಲಿ ಹಾಗಲ್ಲ, ಮಾತಿನಲ್ಲಿ ಗೆದ್ದವನಿಗೆ ಕೋಟೆಯೇ ಸಿಗುತ್ತದೆ. ನಿಯಮವಿಲ್ಲದಿದ್ದರೆ ಆ ಕೋಟೆ ಪ್ರತಿ ವಾರವೂ ಮೇಜಿನ ಅತಿ ಚುರುಕು ನಾಲಿಗೆಯವನ ಪಾಲಾಗುತ್ತದೆ. ಮಾಂತ್ರಿಕನ ಪಾತ್ರ ಹಿಡಿದವನಿಗೆ ನಿಜವಾಗಿ ಬೆಂಕಿ ಹೊತ್ತಿಸಿ ತೋರಿಸು ಎಂದು ಯಾರೂ ಕೇಳುವುದಿಲ್ಲ. ಹಾಗಿದ್ದ ಮೇಲೆ ರಾಯಭಾರಿಯ ಪಾತ್ರ ಹಿಡಿದ ಸಂಕೋಚದ ಹುಡುಗಿಗೆ ಮಾತ್ರ ಮಾತಾಡಿ ತೋರಿಸು ಎನ್ನುವುದು ಯಾವ ನ್ಯಾಯ? ಬೆಂಗಳೂರಿನ ಮೇಜುಗಳಲ್ಲಿ ಇದಕ್ಕೆ ಇನ್ನೊಂದು ಪದರವೂ ಸೇರುತ್ತದೆ. ನಿಯಮ ಪುಸ್ತಕ ಇಂಗ್ಲಿಷಿನದು, ಆಟದ ಮಾತೂ ಹೆಚ್ಚಾಗಿ ಇಂಗ್ಲಿಷೇ. ಕನ್ನಡದಲ್ಲಿ ಎಂಥ ಕಾವಲುಗಾರನನ್ನೂ ಕರಗಿಸಬಲ್ಲವನು ಇಂಗ್ಲಿಷಿನಲ್ಲಿ ತಡವರಿಸಿದರೆ ಅವನ ಪಾತ್ರದ ಕರಿಸ್ಮಾ 18 ಇದ್ದೂ ಉಪಯೋಗವಿಲ್ಲ.

ಹಾಗಾದರೆ ಮಾತಿನ ಸೊಗಸಿಗೆ ಬೆಲೆಯೇ ಇಲ್ಲವೇ? ಚೆನ್ನಾಗಿ ಮಾತಾಡಿದವರಿಗೆ ದಾಳದಲ್ಲಿ ಎರಡಂಕ ಹೆಚ್ಚು ಕೊಡುವ ರೂಢಿ ಅನೇಕ ಮೇಜುಗಳಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ನಾಟಕೀಯತೆಗೆ ಅಂಕ ಕೊಟ್ಟರೆ ಬಾಯಿದ್ದವನಿಗೇ ಮತ್ತಷ್ಟು ಬಾಯಿ ಕೊಟ್ಟ ಹಾಗೆ. ಅಂಕ ಸಲ್ಲಬೇಕಾದದ್ದು ಹೇಳಿದ ವಿಷಯಕ್ಕೆ. ‘ಹೋದ ವರ್ಷ ಅವನ ತಮ್ಮನನ್ನು ಜೈಲಿನಿಂದ ಬಿಡಿಸಿದ್ದನ್ನು ನೆನಪಿಸ್ತೀನಿ’ ಎಂದು ಒಂದೇ ವಾಕ್ಯದಲ್ಲಿ, ದನಿಯನ್ನೂ ಬದಲಿಸದೆ ಹೇಳಿದರೂ ಸಾಕು. ಹತ್ತು ನಿಮಿಷದ ಭಾಷಣಕ್ಕಿಂತ ಅದು ತೂಕದ್ದು. ಹೊರಗಿನ ಲೋಕದಲ್ಲಿ ಮನವೊಲಿಕೆ ನಡೆಯುವುದೂ ಹೀಗೆಯೇ. 1966ರಲ್ಲಿ ಜೊನಾಥನ್ ಫ್ರೀಡ್‌ಮನ್ ಮತ್ತು ಸ್ಕಾಟ್ ಫ್ರೇಸರ್ ಎಂಬ ಮನಶ್ಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದಲ್ಲಿ ನಡೆಸಿದ ಪ್ರಯೋಗ ಪ್ರಸಿದ್ಧ. ಎಚ್ಚರಿಕೆಯಿಂದ ವಾಹನ ಓಡಿಸಿ ಎಂಬ ದೊಡ್ಡ, ಕುರೂಪಿ ಫಲಕವೊಂದನ್ನು ನಿಮ್ಮ ಮನೆ ಮುಂದೆ ನಿಲ್ಲಿಸುತ್ತೇವೆ ಎಂದು ನೇರವಾಗಿ ಕೇಳಿದಾಗ ಒಪ್ಪಿದವರು ಸುಮಾರು ಶೇ 17. ಅದಕ್ಕೆ ಎರಡು ವಾರ ಮೊದಲು ಅದೇ ವಿಷಯದ ಪುಟ್ಟ ಚೀಟಿಯೊಂದನ್ನು ಅಂಟಿಸಿಕೊಳ್ಳಲು ಒಪ್ಪಿದ್ದ ಮನೆಗಳ ಗುಂಪಿನಲ್ಲಿ ಒಪ್ಪಿದವರು ಶೇ 76. ಕೇಳಿದವರ ವಾಕ್ಚಾತುರ್ಯ ಬದಲಾಗಿರಲಿಲ್ಲ. ಹಿಂದೆ ಕೊಟ್ಟಿದ್ದ ಸಣ್ಣ ಒಪ್ಪಿಗೆಯೊಂದು ಕೆಲಸ ಮಾಡಿತ್ತು. ಅದೇ ವರ್ಷ ಜ್ಯಾಕ್ ಬ್ರೆಹ್ಮ್ ಮಂಡಿಸಿದ ಸಿದ್ಧಾಂತ ನಾಣ್ಯದ ಮತ್ತೊಂದು ಮುಖ: ತನ್ನ ಆಯ್ಕೆಯನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆ ಎನಿಸಿದರೆ ಮನುಷ್ಯ ಬೇಕೆಂದೇ ಎದುರು ತಿರುಗುತ್ತಾನೆ. ಒಳ್ಳೆಯ ನಿಯಮ ಹಿಂದಿನ ಉಪಕಾರ, ಹಿಂದಿನ ಮಾತು, ಹಿಂದಿನ ಅವಮಾನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒತ್ತಡ ಹೇರಿದ್ದಕ್ಕೆ ಆಮೇಲೆ ದಂಡ ಬೀಳುವಂತೆಯೂ ಇರಬೇಕು.

‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಕೂಡ ನಿಧಾನವಾಗಿ ಈ ಕಡೆ ವಾಲಿದೆ. 2014ರ ಐದನೆಯ ಆವೃತ್ತಿಯ ಡಿಎಂ ಪುಸ್ತಕದಲ್ಲಿ ಹಗೆಯವನೊಬ್ಬನ ಮೇಲೆ ಎಷ್ಟೇ ದೊಡ್ಡ ಅಂಕ ಬಿದ್ದರೂ, ತನಗೆ ಅಪಾಯವೂ ನಷ್ಟವೂ ಇಲ್ಲದ ಕೆಲಸವನ್ನಷ್ಟೇ ಅವನು ಮಾಡಿಕೊಡುತ್ತಾನೆ. ದೊಡ್ಡ ಅಪಾಯ ಹೊರುವವನು ಸ್ನೇಹಿತ ಮಾತ್ರ. 2024ರ ಆವೃತ್ತಿ ಇನ್ನೂ ಸರಳ: ಕೇಳಿದ್ದು ತನ್ನ ಇಷ್ಟಕ್ಕೆ ಹೊಂದಿದರೆ ದಾಳವೇ ಬೇಡ, ಒಪ್ಪುತ್ತಾನೆ, ಸ್ವಭಾವಕ್ಕೇ ವಿರುದ್ಧವಾದರೆ ಆಗಲೂ ದಾಳ ಬೇಡ, ಒಪ್ಪುವುದಿಲ್ಲ, ನಡುವೆ ಹಿಂದೆಮುಂದೆ ನೋಡುತ್ತಿದ್ದರೆ ಮಾತ್ರ ದಾಳ. ಸೋತರೆ ಅದೇ ರೀತಿ ಮತ್ತೆ ಕೇಳಲು ಇಪ್ಪತ್ತನಾಲ್ಕು ಗಂಟೆ ಕಾಯಬೇಕು. ಈ ಕೊನೆಯ ಅಂಶ ಸಣ್ಣದಾಗಿ ಕಂಡರೂ ನ್ಯಾಯದ ದೊಡ್ಡ ಪಾಲು ಇಲ್ಲಿದೆ. ಅರ್ಧಕ್ಕರ್ಧ ಗೆಲ್ಲುವ ಅವಕಾಶವಿರುವ ಬೇಡಿಕೆಯನ್ನು ನಾಲ್ವರು ಆಟಗಾರರು ಒಬ್ಬರಾದ ಮೇಲೊಬ್ಬರು ಮುಂದಿಟ್ಟು ದಾಳ ಹಾಕಿದರೆ ಯಾರಾದರೊಬ್ಬರು ಗೆಲ್ಲುವ ಸಂಭವ ಶೇ 94ರ ಹತ್ತಿರ. ಕಾವಲುಗಾರ ಸೋಲುವುದು ವಾದಕ್ಕಲ್ಲ, ಸರದಿಗೆ. ಕಂಪ್ಯೂಟರಿನಲ್ಲಂತೂ ಕೇಳುವುದೇ ಬೇಡ, ಸೋತರೆ ಹಿಂದಿನ ಸೇವ್ ತೆರೆದು ಮತ್ತೆ ದಾಳ ಹಾಕಿದರಾಯಿತು.

ಆದರೆ 2024ರ ನಿಯಮವೂ ದಾಳ ಗೆದ್ದರೆ ‘ಒಪ್ಪಿದ’, ಸೋತರೆ ‘ಒಪ್ಪಲಿಲ್ಲ’ ಎಂದು ಎರಡೇ ಬಾಗಿಲು ಇಟ್ಟಿದೆ. ನನ್ನ ವಾದಕ್ಕೆ ಬೇಕಾದ ಮೂರನೆಯ ಬಾಗಿಲನ್ನು 2010ರಲ್ಲೇ ತೆರೆದದ್ದು ವಿನ್ಸೆಂಟ್ ಬೇಕರ್ ಅವರ ‘ಅಪೊಕಾಲಿಪ್ಸ್ ವರ್ಲ್ಡ್’ ಎಂಬ ಪಾತ್ರದಾಟ. ಅಲ್ಲಿ ಎರಡು ಸಾಮಾನ್ಯ ದಾಳ. 10 ಅಥವಾ ಮೇಲೆ ಬಿದ್ದರೆ ಎದುರಿನವನು ನಿಮ್ಮಿಂದ ಒಂದು ಭಾಷೆ ಪಡೆದು ಒಪ್ಪುತ್ತಾನೆ, ಆ ಭಾಷೆ ಉಳಿಸಿಕೊಳ್ಳುವುದು ಬಿಡುವುದು ಆಮೇಲೆ ನಿಮಗೆ ಬಿಟ್ಟದ್ದು. 7ರಿಂದ 9 ಬಿದ್ದರೆ ಮೊದಲು ಕೈಗೆ ಸಿಗುವಂಥ ಖಾತ್ರಿ ಕೊಡಿ ಎನ್ನುತ್ತಾನೆ. ದಾಳ ಹಾಕುವ ಮೊದಲೇ ಅವನಿಗೆ ಬೇಕಾದ ಯಾವುದೋ ಒಂದು, ಅಥವಾ ಅವನು ಹೆದರುವ ಯಾವುದೋ ಒಂದು, ನಿಮ್ಮ ಹಿಡಿತದಲ್ಲಿರಬೇಕು. ಬರಿಗೈಯಲ್ಲಿ ಬಂದವರಿಗೆ ದಾಳವಿಲ್ಲ. ಕೋಟೆ ಬಾಗಿಲಿನ ಕಾವಲುಗಾರನನ್ನು ಈ ನಿಯಮದ ಕೆಳಗೆ ನಿಲ್ಲಿಸಿ ನೋಡೋಣ. ಕತ್ತಲಾದ ಮೇಲೆ ಬಾಗಿಲು ತೆಗೆಯಬಾರದೆಂದು ಆಜ್ಞೆ. ತೆಗೆದರೆ ಕೆಲಸ ಹೋಗುತ್ತದೆ. ಅವನಿಗೆ ಬೇಕಾದದ್ದು ತನ್ನ ಮೇಲೆ ತಪ್ಪು ಬರದಿರುವುದು. ಇದನ್ನು ಡಿಎಂ ಮೊದಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿರುತ್ತಾಳೆ. ಆಟಗಾರ ಹೇಳುತ್ತಾನೆ: ‘ಗಾಯ ತೋರಿಸ್ತೀನಿ. ಬೆಳಗ್ಗೆ ಇವನು ಸತ್ತರೆ ನಿನ್ನ ಬಾಗಿಲಲ್ಲೇ ಸತ್ತ ಅಂತಾರೆ, ಆಗಲೂ ತಪ್ಪು ನಿಂದೇ ಆಗುತ್ತೆ ಅಂತೀನಿ.’ ಸರಿ, ಹಿಡಿತವಿದೆ, ದಾಳ ಹಾಕು. ಪಾತ್ರದ ಗುಣದಿಂದ 2 ಅಂಕ, ದಾಳದಲ್ಲಿ 6, ಒಟ್ಟು 8. ಡಿಎಂ ಕಾವಲುಗಾರನ ದನಿಯಲ್ಲಿ ಬೆಲೆ ಹೇಳುತ್ತಾಳೆ: ‘ಬಿಡ್ತೀನಿ. ಆಯುಧವೆಲ್ಲ ಇಲ್ಲಿಡಿ. ನಿಮ್ಮಲ್ಲಿ ಒಬ್ಬ ದಫ್ತರಿನಲ್ಲಿ ಹೆಸರು ಬರೆದು ಹೆಬ್ಬೆಟ್ಟು ಒತ್ತಬೇಕು.’ ಊರೊಳಗೆ ಹುಡುಕುತ್ತಿರುವ ಅಪರಾಧಿಗಳ ಪಟ್ಟಿಯಲ್ಲಿ ಈ ತಂಡದ ಕಳ್ಳನ ಹೆಸರಿದೆ ಎಂದಿಟ್ಟುಕೊಳ್ಳಿ. ಈಗ ಮೇಜಿನ ಸುತ್ತ ನಿಜವಾದ ಚರ್ಚೆ ಶುರುವಾಗುತ್ತದೆ. ಯಾರ ಹೆಸರು? ಸುಳ್ಳು ಹೆಸರೇ? ಆಯುಧ ಬಿಟ್ಟು ಒಳಗೆ ಹೋಗುವ ಧೈರ್ಯವಿದೆಯೇ? ಹೋಗಲಿ, ಗೋಡೆ ಹತ್ತೋಣವೇ? ಗುಣದ 2 ಅಂಕ ಸೇರಿದರೆ ಪೂರ್ತಿ ಗೆಲುವಿಗೆ ಶೇ 42, ಬೆಲೆ ಹೇಳಿಸಿಕೊಳ್ಳುವುದಕ್ಕೆ ಅಷ್ಟೇ ಶೇ 42, ಸೋಲಿಗೆ ಶೇ 17ರ ಅವಕಾಶ. ಅಂದರೆ ಕಥೆ ಐದರಲ್ಲಿ ಎರಡು ಸಲಕ್ಕೂ ಹೆಚ್ಚಾಗಿ ವ್ಯವಹಾರದ ಕಟ್ಟೆಗೇ ಬಂದು ನಿಲ್ಲುತ್ತದೆ. ಕಾವಲುಗಾರ ಪೆದ್ದನಾಗಲಿಲ್ಲ, ಆಟಗಾರನ ಪ್ರಯತ್ನವೂ ವ್ಯರ್ಥವಾಗಲಿಲ್ಲ, ಡಿಎಂ ತನಗೆ ತೋಚಿದಂತೆ ತೀರ್ಪು ಕೊಟ್ಟಳು ಎಂಬ ದೂರಿಗೂ ಎಡೆಯಿಲ್ಲ.

ನಿಜವಾದ ಪರೀಕ್ಷೆ ಇರುವುದು ಆಟಗಾರರ ಪಾತ್ರಗಳು ಒಬ್ಬರನ್ನೊಬ್ಬರು ಒಲಿಸಲು ಹೊರಟಾಗ. ಸೆರೆಸಿಕ್ಕವನನ್ನು ರಾಜನಿಗೆ ಒಪ್ಪಿಸಬೇಕೆಂದು ಯೋಧ, ಬಿಟ್ಟುಬಿಡಬೇಕೆಂದು ಮಾಂತ್ರಿಕೆ. ಯೋಧನ ದಾಳ ಗೆದ್ದಿತು, ಆದ್ದರಿಂದ ಮಾಂತ್ರಿಕೆ ಒಪ್ಪಿದಳು ಎಂದರೆ ಆ ಪಾತ್ರ ಹಿಡಿದು ಕೂತವಳಿಗೆ ಉಳಿದದ್ದೇನು? ಮೂರನೆಯ ಆವೃತ್ತಿ ಡಿಪ್ಲೊಮಸಿಯನ್ನು ಡಿಎಂ ಪಾತ್ರಗಳಿಗಷ್ಟೇ ಸೀಮಿತಗೊಳಿಸಿ ಈ ಪ್ರಶ್ನೆಯಿಂದ ನುಣುಚಿಕೊಂಡಿತು. ಬೇಕರ್ ಎದುರಿಸಿದರು. ಆಟಗಾರರ ನಡುವೆ ದಾಳ ಗೆದ್ದರೆ ಎದುರಿನವರಿಗೆ ಆಮಿಷವೂ ಬೀಳುತ್ತದೆ, ಅಡ್ಡಿಯೂ ಬೀಳುತ್ತದೆ: ಒಪ್ಪಿದರೆ ಅನುಭವದ ಅಂಕ ಸಿಗುತ್ತದೆ, ಒಪ್ಪದಿದ್ದರೆ ಆ ನಿರಾಕರಣೆಯೇ ಗಂಡಾಂತರದ ಕೆಲಸವಾಗಿ ಅದಕ್ಕೆ ಬೇರೆ ದಾಳ ಹಾಕಬೇಕಾಗುತ್ತದೆ. ನಡುವಿನ ಅಂಕ ಬಿದ್ದರೆ ಇವೆರಡರಲ್ಲಿ ಒಂದು ಮಾತ್ರ. ಏನು ಮಾಡುವುದೆಂಬುದು ಆಮೇಲೆ ಅವರಿಗೇ ಬಿಟ್ಟದ್ದು. 2016ರ ‘ಎಕ್ಸಾಲ್ಟೆಡ್’ ಆಟದ ಮೂರನೆಯ ಆವೃತ್ತಿ ಇದೇ ತತ್ವವನ್ನು ಬೇರೆ ದಾರಿಯಿಂದ ಮುಟ್ಟಿತು. ಅಲ್ಲಿ ಪ್ರತಿ ಪಾತ್ರಕ್ಕೂ ಪ್ರೀತಿ, ದ್ವೇಷ, ನಂಬಿಕೆಗಳ ಪಟ್ಟಿ ಇರುತ್ತದೆ, ಸಣ್ಣದು, ದೊಡ್ಡದು, ಬದುಕನ್ನೇ ರೂಪಿಸಿದ್ದು ಎಂದು ಮೂರು ತೂಕ. ಬದುಕು ಬದಲಿಸುವಂಥ ಕೆಲಸ ಮಾಡಿಸಬೇಕಾದರೆ ಬದುಕು ರೂಪಿಸಿದ ನಂಬಿಕೆಯನ್ನೇ ಮೀಟಬೇಕು. ಸಣ್ಣಪುಟ್ಟ ಮಮತೆ ಸಾಲದು. ಮನವೊಲಿಕೆಗೆ ಗುರಿಯಾದವರು ಇನ್ನೊಂದು ಸಮತೂಕದ ನಂಬಿಕೆಯನ್ನು ಎತ್ತಿಹಿಡಿದು, ಸಂಕಲ್ಪಬಲದ ಒಂದು ಅಂಕ ಖರ್ಚು ಮಾಡಿ ‘ಇಲ್ಲ’ ಎನ್ನಬಹುದು. ಆ ಅಂಕ ಮತ್ತೆ ಗಳಿಸಲು ಹೊತ್ತು ಹಿಡಿಯುತ್ತದೆ. ಹೀಗೆ ನಿರಾಕರಣೆ ಸಾಧ್ಯ, ಆದರೆ ಪುಕ್ಕಟೆಯಲ್ಲ.

ಇದಕ್ಕೆ ಬರುವ ಗಟ್ಟಿ ಆಕ್ಷೇಪವೊಂದಿದೆ. ಕತ್ತಿಯೇಟು ಬಿದ್ದರೆ ನನ್ನ ಒಪ್ಪಿಗೆ ಕೇಳದೆ ನನ್ನ ಪಾತ್ರ ಸಾಯುತ್ತದೆ, ನಾನು ತುಟಿಪಿಟಕ್ಕೆನ್ನದೆ ಒಪ್ಪುತ್ತೇನೆ. ಹಾಗಿದ್ದಾಗ ಮಾತಿನೇಟಿಗೆ ಮಾತ್ರ ಯಾಕೆ ಈ ವಿಶೇಷ ರಕ್ಷಣೆ? ಮಾತಿನಲ್ಲಿ ಬಲಿಷ್ಠನಾಗಲು ಅಂಕ ಸುರಿದವನಿಗೆ ಇದು ಮೋಸವಲ್ಲವೇ? ತಳ್ಳಿಹಾಕುವ ಮಾತಲ್ಲ ಇದು. ಆದರೆ ಗಾಯ ನನ್ನ ಪಾತ್ರದ ಸ್ಥಿತಿಯನ್ನು ಬದಲಿಸುತ್ತದೆ. ಗಾಯಗೊಂಡ ಮೇಲೆ ಓಡುವುದೋ ಹೋರಾಡುವುದೋ ಶರಣಾಗುವುದೋ ಎಂಬುದು ಇನ್ನೂ ನನ್ನ ಕೈಯಲ್ಲಿದೆ. ಮನವೊಲಿಕೆಯ ದಾಳ ಕಿತ್ತುಕೊಳ್ಳುವುದು ಆ ತೀರ್ಮಾನವನ್ನೇ. ಮೇಜಿನ ಸುತ್ತ ಕೂತವರಿಗೆ ಡಿಎಂ ಬಿಟ್ಟುಕೊಟ್ಟ ಏಕೈಕ ಆಸ್ತಿ ಅದು. ಪಾತ್ರ ಸತ್ತರೆ ಆಟಗಾರ ಹೊಸ ಪಾತ್ರ ಬರೆದು ಮತ್ತೆ ಆಡಲು ಕೂರುತ್ತಾನೆ. ಪಾತ್ರ ಬದುಕಿದ್ದೂ ತೀರ್ಮಾನ ಬೇರೆಯವರದಾದರೆ ಅವನು ತನ್ನದೇ ಪಾತ್ರಕ್ಕೆ ಪ್ರೇಕ್ಷಕ. ಇನ್ನು ಮಾತಿನ ಮೇಲೆ ಅಂಕ ಸುರಿದವನಿಗೆ ಮೋಸವೇನೂ ಆಗಿಲ್ಲ: ಅವನ ಮಾತು ಗೆದ್ದಾಗಲೆಲ್ಲ ಎದುರಿನವರು ಏನಾದರೊಂದನ್ನು ತೆರಲೇಬೇಕು. ಏಟು ಬಿತ್ತು, ಗಾಯವಾಯಿತು, ಬಗ್ಗುವುದು ಬಿಡುವುದು ಅವರಿಗೆ ಸೇರಿದ್ದು. ಕತ್ತಿಗೂ ಮಾತಿಗೂ ಇದಕ್ಕಿಂತ ಸಮಾನ ನ್ಯಾಯ ನನಗೆ ಕಾಣದು.

ಇನ್ನೊಂದು ಬದಿಯಿಂದಲೂ ಪ್ರಶ್ನೆ ಬರುತ್ತದೆ. ಮನುಷ್ಯ ತನ್ನ ಮನಸ್ಸಿನ ಮಾಲೀಕ ಎಂಬುದೇ ಭ್ರಮೆಯಲ್ಲವೇ? ನಿಜ ಜೀವನದಲ್ಲಿ ನಾವು ಬೇಡವೆಂದುಕೊಂಡದ್ದನ್ನೇ ಮಾಡಿ ಬರುತ್ತೇವೆ. ಗ್ರೆಗ್ ಸ್ಟಾಫರ್ಡ್ 1985ರಲ್ಲಿ ಆರ್ಥರ್ ರಾಜನ ಕಥೆಗಳ ಮೇಲೆ ಕಟ್ಟಿದ ‘ಪೆಂಡ್ರಾಗನ್’ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡಿದೆ. ಅಲ್ಲಿ ಯೋಧನಿಗೆ ಸಂಯಮ ಮತ್ತು ಕಾಮ, ಔದಾರ್ಯ ಮತ್ತು ಸ್ವಾರ್ಥ ಹೀಗೆ ಹದಿಮೂರು ಜೋಡಿ ಗುಣ. ಒಂದೊಂದು ಜೋಡಿಯ ಮೊತ್ತ 20. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. 16 ಅಥವಾ ಅದಕ್ಕಿಂತ ಹೆಚ್ಚಿರುವ ಗುಣ ಪ್ರಸಿದ್ಧ ಗುಣ. ಸಂದರ್ಭ ಬಂದಾಗ ಅದಕ್ಕೆ ದಾಳ ಹಾಕಬೇಕು, ಬಿದ್ದಂತೆ ನಡೆಯಬೇಕು. ಇದು ನನ್ನ ವಾದಕ್ಕೆ ಅಪವಾದದಂತೆ ಕಾಣುತ್ತದೆ. ಗಮನಿಸಿ ನೋಡಿದರೆ ಹಾಗಲ್ಲ. ಆ ಗುಣವನ್ನು ಅಷ್ಟು ಎತ್ತರಕ್ಕೆ ಬೆಳೆಸಿದ್ದು ಆ ಆಟಗಾರನದೇ ಹಿಂದಿನ ಆಟ. ಅದರಿಂದ ಕೀರ್ತಿಯ ಅಂಕ ಬಾಚಿಕೊಂಡದ್ದೂ ಅವನೇ. ಸಾಲ ತೆಗೆದವನು ಈಗ ಬಡ್ಡಿ ಕಟ್ಟುತ್ತಿದ್ದಾನೆ. ಎದುರಿನ ವಾಗ್ಮಿಯ ಕೌಶಲ ಅವನನ್ನು ಬಗ್ಗಿಸಲಿಲ್ಲ.

ಮಾತನ್ನೇ ಯುದ್ಧವಾಗಿಸಿದ ಪ್ರಯೋಗಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2008ರಲ್ಲಿ ಬಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ನಾಲ್ಕನೆಯ ಆವೃತ್ತಿಯಲ್ಲಿ ಇಷ್ಟು ಸೋಲು ಬೀಳುವ ಮೊದಲು ಇಷ್ಟು ಗೆಲುವು ಗಳಿಸಿ ಎಂಬ ಎಣಿಕೆಯಿತ್ತು. ಎಣಿಕೆಯಲ್ಲಿ ಮಾತೇ ಕಳೆದುಹೋಗುತ್ತಿತ್ತು. ಲೂಕ್ ಕ್ರೇನ್ ಅವರ ‘ಬರ್ನಿಂಗ್ ವೀಲ್’ ಆಟದ ವಾಗ್ಯುದ್ಧ ಮಾತ್ರ ಬೇರೆ ಜಾತಿಯದು. ಪಣ ಏನೆಂದು ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಪಣ ಒಪ್ಪಿಗೆಯಾಗದಿದ್ದರೆ ಎದ್ದು ಹೋಗಬಹುದು. ಗೆದ್ದವನ ವಾದಕ್ಕೂ ನಡುವೆ ಪೆಟ್ಟು ಬಿದ್ದಿದ್ದರೆ ಆ ಪೆಟ್ಟಿನ ಪ್ರಮಾಣಕ್ಕೆ ತಕ್ಕ ರಿಯಾಯಿತಿಯನ್ನು ಅವನು ಸೋತವನಿಗೆ ಕೊಡಬೇಕು. ಸೋತವನು ಒಪ್ಪಂದಕ್ಕೆ ಬದ್ಧ, ಅಷ್ಟೇ. ಒಳಗೊಳಗೆ ಅವನು ಏನು ನಂಬುತ್ತಾನೆಂದು ನಿಯಮ ತಲೆಹಾಕುವುದಿಲ್ಲ. ಸಭೆಯಲ್ಲಿ ಸೋತು ಮನೆಗೆ ಬಂದು ಸೇಡಿನ ಲೆಕ್ಕ ಹಾಕುವವನಿಗೂ ಅಲ್ಲಿ ಜಾಗವಿದೆ. ತೊಡಕು ಜಾಸ್ತಿ, ಕಲಿಯಲು ಕಷ್ಟ, ನಿಜ. ಆದರೆ ಒಂದು ಸಾಮ್ರಾಜ್ಯದ ಭವಿಷ್ಯ ಸಭೆಯೊಂದರಲ್ಲಿ ನಿರ್ಧಾರವಾಗುವಂತಿದ್ದರೆ ಒಂದೇ ದಾಳಕ್ಕಿಂತ ಅದೇ ಮೇಲು.

ಸುಳ್ಳಿನ ವಿಚಾರ ಮಾತ್ರ ಇವತ್ತಿಗೂ ಬಗ್ಗಿಲ್ಲ. ವ್ಯಾಪಾರಿ ಸುಳ್ಳು ಹೇಳುತ್ತಿದ್ದಾನೋ ಎಂದು ಆಟಗಾರ ದಾಳ ಹಾಕುತ್ತಾನೆ. ದಾಳ 2 ತೋರಿಸುತ್ತದೆ. ‘ನಿಜ ಹೇಳುತ್ತಿರುವ ಹಾಗೆ ಕಾಣುತ್ತದೆ’ ಎನ್ನುತ್ತಾಳೆ ಡಿಎಂ. ಮೇಜಿನ ಮೇಲಿನ 2 ಎಲ್ಲರಿಗೂ ಕಾಣುತ್ತಿದೆ. ಪಾತ್ರ ನಂಬಬೇಕು, ಆಟಗಾರ ನಂಬುವುದಿಲ್ಲ. ಡಿಎಂ ದಾಳವನ್ನು ಪರದೆಯ ಹಿಂದೆ ಬಚ್ಚಿಟ್ಟು ಹಾಕುವುದು ಹಳೆಯ ಉಪಾಯ. ಅದರಲ್ಲಿ ನ್ಯಾಯದ ಲೆಕ್ಕ ಮತ್ತೆ ಒಬ್ಬರ ಕಿಸೆ ಸೇರುತ್ತದೆ. ‘ಅಪೊಕಾಲಿಪ್ಸ್ ವರ್ಲ್ಡ್’ ಪ್ರಶ್ನೆಯನ್ನೇ ಬದಲಿಸುತ್ತದೆ. ದಾಳ ಚೆನ್ನಾಗಿ ಬಿದ್ದರೆ ಮೂರು ಪ್ರಶ್ನೆ, ಸುಮಾರಾಗಿ ಬಿದ್ದರೆ ಒಂದು. ಅವನು ಹೇಳುತ್ತಿರುವುದು ನಿಜವೇ ಎಂದು ಕೇಳಬಹುದು. ಅವನಿಂದ ಈ ಕೆಲಸ ಮಾಡಿಸಬೇಕಾದರೆ ನಾನೇನು ಮಾಡಬೇಕು ಎಂದೂ ಕೇಳಬಹುದು. ಎದುರಿಗಿರುವುದು ಡಿಎಂ ಪಾತ್ರವಾಗಲಿ, ಇನ್ನೊಬ್ಬ ಆಟಗಾರನ ಪಾತ್ರವಾಗಲಿ, ಅದನ್ನು ಹಿಡಿದವರು ಪ್ರಾಮಾಣಿಕವಾಗಿ ಉತ್ತರಿಸಲೇಬೇಕು. ದಾಳ ಕೆಟ್ಟು ಬಿದ್ದರೆ ಸುಳ್ಳನ್ನು ನಂಬು ಎಂದು ಯಾರೂ ಹೇಳುವುದಿಲ್ಲ. ಬೇರೊಂದು ಆಪತ್ತು ಬಂದೆರಗುತ್ತದೆ, ವ್ಯಾಪಾರಿಯ ಆಳುಗಳು ಬಾಗಿಲಿಗೆ ಅಡ್ಡ ಬಂದು ನಿಂತಿರಬಹುದು. ಸುಳ್ಳುಗಾರನಿಗೆ ಇಷ್ಟು ಸಾಲದು ಎನ್ನುವವರಿದ್ದಾರೆ. ಜೀವಮಾನವೆಲ್ಲ ಮೋಸವನ್ನೇ ಕಸುಬಾಗಿಸಿಕೊಂಡ ಪಾತ್ರ ಹಿಡಿದವನು ಹಾಗೆ ಗೊಣಗಿದರೆ ನನ್ನ ಬಳಿಯೂ ಅವನಿಗೆ ಕೊಡಲು ಪೂರ್ತಿ ಉತ್ತರವಿಲ್ಲ.